ಹಳೆಯ ಕಾರಿನಡಿಯ ಎಣ್ಣೆ: ಸೋರಿಕೆಯ ಮೂಲ ಹುಡುಕಿದ ಅನುಭವ

ನಮ್ಮ ಮನೆಯ ಕಾರು 2009ರಲ್ಲಿ ಹಾಸನದಲ್ಲಿ ನೋಂದಣಿಯಾದ ಪೆಟ್ರೋಲ್ ಸೆಡಾನ್. ಅಪ್ಪ ಕೊಂಡಿದ್ದ ಗಾಡಿ. ಅವರ ಕಣ್ಣು ಮಂದವಾದ ಮೇಲೆ ನಾನೇ ಓಡಿಸುತ್ತಿದ್ದೇನೆ. 2024ರ ಬೇಸಿಗೆಯಲ್ಲಿ ಅದನ್ನು ನಿಲ್ಲಿಸುವ ಜಾಗದಲ್ಲಿ ಕಪ್ಪು ಜಿಡ್ಡಿನ ಕಲೆಯೊಂದು ಕಾಣಿಸಿಕೊಂಡಿತು. ಅದು ಎಲ್ಲಿಂದ ಬರುತ್ತಿದೆ ಎಂಬುದು ಖಚಿತವಾಗುವಷ್ಟರಲ್ಲಿ ಮಳೆಗಾಲ ಅರ್ಧ ಕಳೆದಿತ್ತು. ನಡುವೆ ಒಂದು ಗ್ಯಾರೇಜಿನವರು ಗೇರ್‌ಬಾಕ್ಸ್ ಕೆಳಗಿಳಿಸಬೇಕೆಂದು ಹದಿನಾಲ್ಕು ಸಾವಿರ ರೂಪಾಯಿಯ ಅಂದಾಜು ಕೊಟ್ಟರು. ಕೊನೆಗೆ ಬದಲಾಯಿಸಿದ ಭಾಗದ ಬೆಲೆ ಐನೂರು ರೂಪಾಯಿಯನ್ನೂ ಮುಟ್ಟಲಿಲ್ಲ. ಹಳೆಯ ಕಾರು ಇಟ್ಟುಕೊಂಡವರಿಗೆ ಇಂಥ ಸಂದರ್ಭ ಒಂದಲ್ಲ ಒಂದು ದಿನ ಎದುರಾಗುತ್ತದೆ. ಆಗ ಮೊದಲು ಏನನ್ನು ನೋಡಬೇಕು, ದೊಡ್ಡ ಕೆಲಸಕ್ಕೆ ಒಪ್ಪಿಗೆ ಕೊಡುವ ಮುನ್ನ ಏನು ಕೇಳಬೇಕು ಎಂಬುದನ್ನು ನಾನು ಅನುಭವಿಸಿದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಮೊದಲು ಕಂಡ ಕಲೆ ಗಾಬರಿ ಹುಟ್ಟಿಸುವಷ್ಟು ದೊಡ್ಡದಾಗಿತ್ತು. ಮುಂದಿನ ಚಕ್ರಗಳ ನಡುವೆ, ಸ್ವಲ್ಪ ಹಿಂದಕ್ಕೆ, ಊಟದ ತಟ್ಟೆಯಗಲದ ಒದ್ದೆ. ಅದರ ಮೇಲೆ ಬಿಸಿಲು ಬಿದ್ದಾಗ ಬಣ್ಣಬಣ್ಣದ ಎಣ್ಣೆಪೊರೆ. ಇಷ್ಟು ಎಣ್ಣೆ ಒಂದೇ ರಾತ್ರಿಯಲ್ಲಿ ಹೋಗಿದ್ದರೆ ಇಂಜಿನ್‌ನಲ್ಲಿ ಏನು ಉಳಿದಿದೆಯೋ ಎಂಬ ಆತಂಕದಿಂದ ಎಣ್ಣೆಯ ಮಟ್ಟ ತೋರಿಸುವ ಕಡ್ಡಿಯಾದ ಡಿಪ್‌ಸ್ಟಿಕ್ ಎಳೆದು ನೋಡಿದರೆ ಮಟ್ಟ ಕನಿಷ್ಠ, ಗರಿಷ್ಠ ಎಂಬ ಎರಡು ಗುರುತುಗಳ ನಡುವೆಯೇ ಇತ್ತು. ಮರುದಿನ ಎ.ಸಿ. ಹಾಕದೆ ಓಡಿಸಿ ನಿಲ್ಲಿಸಿದಾಗ ಒದ್ದೆ ಐದು ರೂಪಾಯಿ ನಾಣ್ಯದಗಲಕ್ಕೆ ಇಳಿಯಿತು. ಅಂದರೆ ನೆಲದ ಮೇಲಿದ್ದುದರಲ್ಲಿ ಬಹುಪಾಲು ಎ.ಸಿ.ಯ ನೀರು. ಸೆಕೆಗಾಲದಲ್ಲಿ ಡ್ಯಾಶ್‌ಬೋರ್ಡಿನ ಕೆಳಗಿರುವ ಕೊಳವೆಯಿಂದ ಆ ನೀರು ತೊಟ್ಟಿಕ್ಕುವುದು ಸಹಜ. ತೊಟ್ಟಿಕ್ಕದಿದ್ದರೆ ಕೊಳವೆ ಕಟ್ಟಿಕೊಂಡಿರಬಹುದು, ಹಾಗಿದ್ದರೆ ನೀರು ಒಳಗಿನ ಕಾರ್ಪೆಟ್ಟಿಗೆ ಇಳಿಯುತ್ತದೆ. ನಮ್ಮ ಗಾಡಿಯಲ್ಲಿ ಆ ನೀರು ಅಡಿಭಾಗದ ಜಿಡ್ಡನ್ನು ತೊಳೆದುಕೊಂಡು ಬಂದು ಕಲೆಯನ್ನು ಹಿಗ್ಗಿಸಿತ್ತು. ಆದ್ದರಿಂದ ಸೋರಿಕೆಯನ್ನು ಪರೀಕ್ಷಿಸುವಷ್ಟು ದಿನ ಎ.ಸಿ. ಬಳಸದಿರುವುದು ಒಳ್ಳೆಯದು.

ನೀರನ್ನು ಬಿಟ್ಟರೂ ಉಳಿದ ಆ ಸಣ್ಣ ಕಲೆ ಎಣ್ಣೆಯೇ ಆಗಿತ್ತು. ಆದರೆ ಯಾವ ಎಣ್ಣೆ? ಕಾರಿನ ಹೊಟ್ಟೆಯಲ್ಲಿ ಹರಿಯುವ ದ್ರವಗಳು ಹಲವು, ಪ್ರತಿಯೊಂದರ ಅಪಾಯವೂ ಬೇರೆ. ಇಂಜಿನ್ ಆಯಿಲ್ ಹೊಸದಿದ್ದಾಗ ಜೇನುಬಣ್ಣ, ಓಡಿದಂತೆ ಕಪ್ಪು. ಗೇರ್ ಆಯಿಲ್ ಹೆಚ್ಚು ಮಂದ, ಮೂಗಿನ ಬಳಿ ಹಿಡಿದರೆ ಗಂಧಕದ ಘಾಟು. ಹೈಡ್ರಾಲಿಕ್ ಪವರ್ ಸ್ಟೀರಿಂಗ್ ಇರುವ ಹಳೆಯ ಗಾಡಿಗಳಲ್ಲಿ ಅನೇಕ ಬಾರಿ ಕೆಂಪು ಬಣ್ಣದ ಎಣ್ಣೆ ಇರುತ್ತದೆ. ಇಂಜಿನ್ನನ್ನು ತಂಪಾಗಿಡುವ ಕೂಲಂಟ್ ಹಸಿರು, ಕೆಂಪು, ನೀಲಿ ಯಾವುದೂ ಇರಬಹುದು, ವಾಸನೆ ಮಾತ್ರ ಸಿಹಿ. ಬ್ರೇಕ್ ಆಯಿಲ್ ತೆಳು, ತಿಳಿ ಹಳದಿ, ಬಣ್ಣ ಬಳಿದ ಮೈಗೆ ತಾಗಿದರೆ ಬಣ್ಣವನ್ನೇ ಕಿತ್ತುಹಾಕುತ್ತದೆ. ಬಣ್ಣ ನೋಡಿ ತೀರ್ಮಾನಿಸಲು ಆಗದಿದ್ದರೆ ಒಂದು ಬಟ್ಟಲು ನೀರಿಗೆ ಒಂದು ಹನಿ ಬಿಡಬೇಕು: ಇಂಜಿನ್ ಆಯಿಲ್, ಗೇರ್ ಆಯಿಲ್, ಸ್ಟೀರಿಂಗ್ ಎಣ್ಣೆ ತೇಲುತ್ತವೆ, ಕೂಲಂಟ್ ಮತ್ತು ಸಾಮಾನ್ಯವಾಗಿ ಬಳಸುವ ಬ್ರೇಕ್ ಆಯಿಲ್ ನೀರಿನಲ್ಲಿ ಬೆರೆತುಹೋಗುತ್ತವೆ. ನನ್ನ ಹನಿ ತೇಲಿತು, ಕಪ್ಪಾಗಿತ್ತು, ಗಂಧಕದ ವಾಸನೆ ಇರಲಿಲ್ಲ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದೆ ಮುಂದೆ ಹೋಗಲಾರೆ. ಬ್ರೇಕ್ ಆಯಿಲ್ ಎಂಬ ಸಂಶಯ ಬಂದರೆ ಗಾಡಿಯನ್ನು ಗ್ಯಾರೇಜಿಗೆ ಓಡಿಸಿಕೊಂಡು ಹೋಗಬಾರದು, ಮೆಕ್ಯಾನಿಕ್‌ನನ್ನೇ ಮನೆಗೆ ಕರೆಸಬೇಕು. ಪೆಟ್ರೋಲ್ ವಾಸನೆ ಇದ್ದರೆ ಸ್ಟಾರ್ಟ್ ಕೂಡ ಮಾಡಬಾರದು. ಕೂಲಂಟ್ ನೆಲದ ಮೇಲೆ ಬಿದ್ದಿದ್ದರೆ ತಕ್ಷಣ ತೊಳೆಯಬೇಕು, ಏಕೆಂದರೆ ಸಿಹಿಯಿರುವ ಆ ದ್ರವವನ್ನು ನಾಯಿ ಬೆಕ್ಕುಗಳು ನೆಕ್ಕುತ್ತವೆ, ಸ್ವಲ್ಪವೇ ಹೊಟ್ಟೆಗೆ ಹೋದರೂ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಬಿಸಿ ಇಂಜಿನ್‌ನ ರೇಡಿಯೇಟರ್ ಮುಚ್ಚಳವನ್ನು ಯಾವ ಕಾರಣಕ್ಕೂ ತೆಗೆಯಬಾರದು. ಬರಿಯ ಜಾಕಿನ ಮೇಲೆ ನಿಂತಿರುವ ಕಾರಿನ ಕೆಳಗೆ ತಲೆ ಹಾಕಲೇಬಾರದು.

ಮುಂದಿನ ಕೆಲಸ ಕಾಯುವುದು. ದಿನಸಿ ಅಂಗಡಿಯಿಂದ ತಂದ ರಟ್ಟಿನ ಪೆಟ್ಟಿಗೆಗಳನ್ನು ಬಿಡಿಸಿ ಕಾರಿನಡಿ ಹಾಸಿ, ಮುಂದಿನ ಚಕ್ರಗಳ ಸ್ಥಾನವನ್ನು ಪೆನ್ನಿನಿಂದ ಗುರುತಿಸಿ, ಪ್ರತಿ ಬೆಳಿಗ್ಗೆ ಹನಿಗಳ ಜಾಗ ನೋಡಿ, ಪಕ್ಕದಲ್ಲೇ ದಿನಾಂಕ ಮತ್ತು ಹಿಂದಿನ ದಿನ ಓಡಿದ ಕಿಲೋಮೀಟರ್ ಬರೆಯುತ್ತಾ ಹೋದೆ. ನಮ್ಮ ಅಂಗಳ ಗೇಟಿನ ಕಡೆಗೆ ಇಳಿಜಾರು, ಹಾಗಾಗಿ ಗಾಡಿಯನ್ನು ಎರಡೂ ದಿಕ್ಕಿನಲ್ಲಿ ನಿಲ್ಲಿಸಿ ನೋಡಬೇಕಾಯಿತು. ಹನಿ ಬೀಳುವ ಜಾಗ ಇಳಿಜಾರಿನ ಜೊತೆಗೆ ಸರಿಯುತ್ತಿತ್ತು, ಅಂದರೆ ಎಣ್ಣೆ ಎಲ್ಲೋ ಒಂದು ಕಡೆ ನಿಂತು ಅಲ್ಲಿಂದ ಹರಿಯುತ್ತಿತ್ತು. ಅದು ಇಂಜಿನ್‌ನ ಅಡಿಗೆ ಕಟ್ಟಿರುವ ಪ್ಲಾಸ್ಟಿಕ್ ತಟ್ಟೆ. ಸೋರಿದ್ದೆಲ್ಲ ಅದರಲ್ಲಿ ಕೂಡಿ ಯಾವುದೋ ತೂತಿನಿಂದ ಕೆಳಗೆ ಬೀಳುತ್ತಿತ್ತು. ಆ ತಟ್ಟೆಯನ್ನು ಬಿಚ್ಚಿಸಿದ ಮೇಲೆ ಹನಿಗಳು ಒಂದೇ ಜಾಗದಲ್ಲಿ, ಇಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವ ಸಂದಿನ ನೇರ ಕೆಳಗೆ ಬೀಳತೊಡಗಿದವು.

ಈ ನಡುವೆ ಮಂಗಳೂರಿಗೆ ಹೋಗಿ ಶಿರಾಡಿ ಘಾಟಿಯಲ್ಲಿ ಹತ್ತಿ ಬಂದಾಗ ಸಕಲೇಶಪುರದ ಹತ್ತಿರ ಸುಟ್ಟ ಎಣ್ಣೆಯ ವಾಸನೆ ಒಳಗೆ ಬಂತು. ಮನೆಗೆ ಬಂದು ಮರುಬೆಳಿಗ್ಗೆ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ನೋಡಿದರೆ ಡಿಪ್‌ಸ್ಟಿಕ್‌ನಲ್ಲಿ ಎರಡು ಗುರುತುಗಳ ನಡುವಿನ ಅಂತರದಲ್ಲಿ ಸುಮಾರು ಮೂರನೆಯ ಒಂದು ಭಾಗ ಇಳಿದಿತ್ತು. ನಮ್ಮ ಗಾಡಿಯಲ್ಲಿ ಆ ಅಂತರ ಒಂದು ಲೀಟರಿಗೆ ಸಮ. ರಟ್ಟಿನ ಮೇಲೆ ಬಿದ್ದದ್ದು ಒಂದು ಚಮಚೆಯಷ್ಟೂ ಇಲ್ಲ, ಇಂಜಿನ್‌ನಲ್ಲಿ ಕಡಿಮೆಯಾದದ್ದು ಮುನ್ನೂರು ಮಿಲಿಲೀಟರಿಗಿಂತ ಹೆಚ್ಚು. ಹೊಗೆಕೊಳವೆಯಲ್ಲಿ ನೀಲಿ ಹೊಗೆ ಇರಲಿಲ್ಲ, ಹಾಗಾಗಿ ಎಣ್ಣೆ ಒಳಗೆ ಉರಿದುಹೋಗುತ್ತಿದೆ ಎನ್ನುವಂತಿರಲಿಲ್ಲ. ನಿಂತಾಗ ಸೋರದೆ, ಇಂಜಿನ್ ಓಡುವಾಗ ಮಾತ್ರ ಸೋರುವ ಜಾಗ ಯಾವುದು ಎಂಬುದೇ ಆಗ ಮೂಡಬೇಕಾದ ಪ್ರಶ್ನೆ. ಈ ವ್ಯತ್ಯಾಸವನ್ನು ಬರೆದಿಟ್ಟುಕೊಂಡದ್ದು ಮುಂದೆ ಬಹಳ ಉಪಯೋಗಕ್ಕೆ ಬಂತು.

ಅವಸರಕ್ಕೆ ಇನ್ನೊಂದು ಕಾರಣವೂ ಇತ್ತು. ಆಗಸ್ಟ್‌ನಲ್ಲಿ ಆರ್‌ಸಿಯ (ನೋಂದಣಿ ಪ್ರಮಾಣಪತ್ರದ) ಹದಿನೈದು ವರ್ಷದ ಅವಧಿ ಮುಗಿಯುತ್ತಿತ್ತು. ಸ್ವಂತ ಬಳಕೆಯ ಕಾರಿನ ನೋಂದಣಿಯನ್ನು ಐದು ವರ್ಷಕ್ಕೆ ನವೀಕರಿಸಲು ನಮೂನೆ 25ರಲ್ಲಿ ಅರ್ಜಿ ಹಾಕಬೇಕು. ಅವಧಿ ಮುಗಿಯುವುದಕ್ಕೆ ಅರವತ್ತು ದಿನ ಇರುವಾಗಿನಿಂದ ಹಾಕಬಹುದು. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ದರದಂತೆ, 2024ರಲ್ಲಿ ಕಾರುಗಳಿಗೆ ಕೇಂದ್ರದ ಶುಲ್ಕ 5,000 ರೂಪಾಯಿ, ತಡವಾದರೆ ತಿಂಗಳಿಗೆ 500 ರೂಪಾಯಿ ಹೆಚ್ಚುವರಿ, ಜೊತೆಗೆ ರಾಜ್ಯದ ಹಸಿರು ತೆರಿಗೆ ಇತ್ತು. ಗಾಡಿಯನ್ನು ಆರ್‌ಟಿಒ ಕಚೇರಿಗೆ ಒಯ್ದು ಮೋಟಾರು ವಾಹನ ನಿರೀಕ್ಷಕರಿಗೆ ತೋರಿಸಬೇಕು. ಅಡಿಯಿಂದ ಎಣ್ಣೆ ತೊಟ್ಟಿಕ್ಕುವ ಗಾಡಿಯನ್ನು ಅಲ್ಲಿ ನಿಲ್ಲಿಸಲು ನನಗೆ ಮನಸ್ಸಿರಲಿಲ್ಲ. ನಿಮ್ಮ ಗಾಡಿಯೂ ಈ ವಯಸ್ಸಿನ ಹತ್ತಿರ ಇದ್ದರೆ ವಿಮೆ, ಹೊಗೆ ತಪಾಸಣೆಯ ಪ್ರಮಾಣಪತ್ರಗಳ ಜೊತೆಗೆ ಆರ್‌ಸಿಯಲ್ಲಿ ಹಳೆಯ ಬ್ಯಾಂಕ್ ಸಾಲದ ನಮೂದು ಉಳಿದಿದೆಯೇ ಎಂದೂ ಮೊದಲೇ ನೋಡಿಕೊಳ್ಳಿ. ನಮ್ಮದರಲ್ಲಿ ಉಳಿದಿತ್ತು, ಸಾಲ ತೀರಿ ಎಷ್ಟೋ ವರ್ಷವಾಗಿದ್ದರೂ ಬ್ಯಾಂಕಿನಿಂದ ಪತ್ರ ಮತ್ತು ನಮೂನೆ 35 ತರಿಸಿಕೊಳ್ಳುವುದಕ್ಕೆ ಬೇರೆಯೇ ಓಡಾಟವಾಯಿತು.

ಮೊದಲು ಹೋದದ್ದು ಎಲ್ಲ ಕಂಪನಿಯ ಗಾಡಿಗಳನ್ನೂ ನೋಡುವ ಒಂದು ದೊಡ್ಡ ಗ್ಯಾರೇಜಿಗೆ. ಗಾಡಿಯನ್ನು ಲಿಫ್ಟ್ ಮೇಲೆ ಎತ್ತಿ, ಟಾರ್ಚ್ ಬಿಟ್ಟು ನೋಡಿದ ಮೆಕ್ಯಾನಿಕ್, “ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಹೋಗಿದೆ ಮೇಡಂ, ಗೇರ್‌ಬಾಕ್ಸ್ ಇಳಿಸ್ಬೇಕು. ಇಳಿಸಿದ ಮೇಲೆ ಕ್ಲಚ್ ಪ್ಲೇಟು, ಪ್ರೆಷರ್ ಪ್ಲೇಟು, ಬೇರಿಂಗು ಎಲ್ಲಾ ಹೊಸದು ಹಾಕ್ಬಿಡೋಣ” ಎಂದರು. ಇಂಜಿನ್‌ನ ತಿರುಗುವ ದಂಡವೇ ಕ್ರ್ಯಾಂಕ್; ಅದರ ಹಿಂತುದಿಯಲ್ಲಿ ಎಣ್ಣೆ ಹೊರಬರದಂತೆ ತಡೆಯುವ ರಬ್ಬರ್ ಬಳೆ ಈ ಸೀಲ್. ಅಂದಾಜು ಹದಿನಾಲ್ಕು ಸಾವಿರ. ಅವರ ಊಹೆ ಆಧಾರವಿಲ್ಲದ್ದಲ್ಲ. ಇಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವ ಗಂಟೆಯಾಕಾರದ ಕವಚದ ಕೆಳಗಿನಿಂದ ಎಣ್ಣೆ ಬಂದರೆ ಎಲ್ಲರೂ ಮೊದಲು ಹೇಳುವುದು ಅದನ್ನೇ, ಹಳೆಯ ಗಾಡಿಗಳಲ್ಲಿ ಆ ಸೀಲ್ ಗಟ್ಟಿಯಾಗಿ ಬಿರುಕು ಬಿಡುವುದೂ ನಿಜ. ಆದರೆ ಅದೇ ಜಾಗದಿಂದ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಸೀಲ್ ಹೋಗಿ ಗೇರ್ ಆಯಿಲ್ ಕೂಡ ಬರಬಹುದು. ಕೆಲವು ಗಾಡಿಗಳಲ್ಲಿ ಕ್ಲಚ್ಚಿನ ಹೈಡ್ರಾಲಿಕ್ ಸಿಲಿಂಡರ್ ಒಳಗೇ ಇರುವುದರಿಂದ ಬ್ರೇಕ್ ಆಯಿಲ್ ಕೂಡ ಬರಬಹುದು. ಇವು ಯಾವುದೂ ಅಲ್ಲದೆ, ಮೇಲೆಲ್ಲೋ ಸೋರಿದ ಇಂಜಿನ್ ಆಯಿಲ್, ಇಂಜಿನ್‌ನ ಮುಖ್ಯ ಲೋಹದ ಮೈಯಾದ ಬ್ಲಾಕಿನ ಹಿಂಬದಿಯಲ್ಲಿ ಹರಿದು ಬಂದು ಆ ಸಂದಿನಲ್ಲಿ ಇಳಿಯಬಹುದು. ಕವಚವನ್ನು ಬಿಚ್ಚುವವರೆಗೂ ಸೀಲ್ ಕಣ್ಣಿಗೆ ಬೀಳುವುದಿಲ್ಲ, ಬಿಚ್ಚಿದ ಮೇಲೆ ಕೂಲಿ ಕೊಡಲೇಬೇಕು. “ಸೀಲೇ ಹೋಗಿದೆ ಎಂದು ಬಿಚ್ಚದೆ ತೋರಿಸಲು ಆಗುತ್ತದೆಯೇ?” ಎಂದು ಕೇಳಿದೆ. ಅನುಭವದಿಂದ ಗೊತ್ತಾಗುತ್ತದೆ ಎಂಬ ಉತ್ತರ ಬಂತು. ಅಂದಾಜನ್ನು ಕಾಗದದ ಮೇಲೆ ಬರೆಸಿಕೊಂಡು ಹೊರಟೆ. ಬಾಯಿಮಾತಿನ ಅಂದಾಜನ್ನು ಒಪ್ಪಬೇಡಿ; ಯಾವ ಭಾಗಕ್ಕೆ ಎಷ್ಟು, ಕೂಲಿ ಎಷ್ಟು ಎಂದು ಬಿಡಿಬಿಡಿಯಾಗಿ ಬರೆಸಿಕೊಂಡರೆ ಇನ್ನೊಬ್ಬರ ಬಳಿ ಮಾತಾಡುವುದಕ್ಕೆ ಒಂದು ಆಧಾರ ಇರುತ್ತದೆ.

ಎರಡನೆಯ ಗ್ಯಾರೇಜಿನವರು ಮೇಲಿನಿಂದ ನೋಡಿದರು. ಇಂಜಿನ್‌ನ ಮೇಲ್ಮುಚ್ಚಳವಾದ ಟ್ಯಾಪೆಟ್ ಕವರಿನ ಪ್ಯಾಕಿಂಗ್ ಹಿಂಬದಿಯಲ್ಲಿ ಒದ್ದೆಯಾಗಿತ್ತು, ಅದನ್ನು ನನಗೂ ತೋರಿಸಿದರು. ತೆಗೆದಾಗ ಅದು ರಬ್ಬರಿನ ಗುಣವನ್ನೇ ಕಳೆದುಕೊಂಡು ತುಂಡುತುಂಡಾಗಿ ಮುರಿಯುತ್ತಿತ್ತು. ಹೊಸ ಪ್ಯಾಕಿಂಗ್, ಸ್ಪಾರ್ಕ್ ಪ್ಲಗ್‌ಗಳ ಸುತ್ತಲಿನ ರಿಂಗುಗಳು, ಕೂಲಿ ಎಲ್ಲ ಸೇರಿ ಸಾವಿರದ ನಾನೂರು ರೂಪಾಯಿ. ಸುಟ್ಟ ವಾಸನೆ ಅಂದಿನಿಂದಲೇ ಕಡಿಮೆಯಾಯಿತು, ರಟ್ಟಿನ ಮೇಲಿನ ಹನಿಗಳೂ ಇಳಿದವು. ಮನೆಯಲ್ಲಿ ಎಲ್ಲರೂ ನೆಮ್ಮದಿಪಟ್ಟೆವು. ಆದರೆ ಮುಂದಿನ ದೂರದ ಪ್ರಯಾಣದ ನಂತರ ಡಿಪ್‌ಸ್ಟಿಕ್ ಮತ್ತೆ ಹೆಚ್ಚುಕಡಿಮೆ ಅಷ್ಟೇ ಇಳಿದಿತ್ತು. ಆ ಬೆಳಿಗ್ಗೆ ಆದ ನಿರಾಶೆಯನ್ನು ಹೇಳಲಾರೆ. ದುಡ್ಡು ಹೋದದ್ದಕ್ಕಿಂತ, ಇನ್ನು ಯಾರನ್ನು ನಂಬಬೇಕು ಎಂಬುದು ತಿಳಿಯದಾದದ್ದು ಹೆಚ್ಚು ಕಾಡಿತು. ಈಗ ಯೋಚಿಸಿದರೆ ಆ ಕೆಲಸ ಆಗಲೇಬೇಕಾಗಿದ್ದದ್ದು, ಪ್ಯಾಕಿಂಗ್ ನಿಜವಾಗಿಯೂ ಹೋಗಿತ್ತು. ಹಳೆಯ ಇಂಜಿನ್‌ನಲ್ಲಿ ಒಂದಕ್ಕಿಂತ ಹೆಚ್ಚು ಕಡೆ ಸೋರಬಹುದು, ಒಂದನ್ನು ಸರಿಪಡಿಸಿದ ಮೇಲೆ ಉಳಿದದ್ದನ್ನು ಹೊಸದಾಗಿ ಹುಡುಕಬೇಕು.

ಈ ಹಂತದಲ್ಲಿ ಸಲಹೆಗಳು ಎಲ್ಲ ಕಡೆಯಿಂದ ಬಂದವು. ತೆಳುವಾದ ಎಣ್ಣೆ ತೆಗೆದು 20ಡಬ್ಲ್ಯೂ-50ರಂಥ ಮಂದವಾದದ್ದನ್ನು ಹಾಕಿ ಎಂದರು ಒಬ್ಬರು. ಸೀಲುಗಳನ್ನು ಉಬ್ಬಿಸಿ ಸೋರಿಕೆ ನಿಲ್ಲಿಸುವ ದ್ರವದ ಬಾಟಲಿಯನ್ನು ಅಂಗಡಿಯವರೊಬ್ಬರು ಕೈಗೇ ಕೊಟ್ಟರು. ಎರಡನ್ನೂ ಒಪ್ಪಲಿಲ್ಲ. ತಯಾರಕರು ಹೇಳಿದ್ದಕ್ಕಿಂತ ಮಂದವಾದ ಎಣ್ಣೆ ತಣ್ಣಗಿನ ಇಂಜಿನ್ ಸ್ಟಾರ್ಟ್ ಆದಾಗ ಮೇಲಿನ ಭಾಗಗಳಿಗೆ ತಡವಾಗಿ ತಲುಪುತ್ತದೆ. ಬಾಟಲಿಯ ದ್ರವ ಕೆಲವೊಮ್ಮೆ ಗಟ್ಟಿಯಾದ ಸೀಲನ್ನು ತಾತ್ಕಾಲಿಕವಾಗಿ ಮೆದುಗೊಳಿಸಬಹುದು, ಆದರೆ ಎಲ್ಲಿ ಸೋರುತ್ತಿದೆ ಎಂಬುದನ್ನು ಅದು ಹೇಳುವುದಿಲ್ಲ, ಸಿಗಬೇಕಾದ ಸುಳಿವನ್ನೂ ಮರೆಮಾಡುತ್ತದೆ.

ಕೊನೆಗೆ ಕೈಹಿಡಿದವರು ಊರಿನ ಹೊರವಲಯದಲ್ಲಿ ಒಂದು ಗುಂಡಿ, ಒಂದು ತಗಡಿನ ಶೆಡ್ ಇಟ್ಟುಕೊಂಡ ಹಿರಿಯ ಮೇಸ್ತ್ರಿ. ನನ್ನ ರಟ್ಟುಗಳನ್ನೂ ಬರೆದಿಟ್ಟ ಲೆಕ್ಕವನ್ನೂ ಅವರು ಗಮನವಿಟ್ಟು ನೋಡಿದರು. “ಹೆಂಚಿನ ಮನೇಲಿ ನೀರು ತೊಟ್ಟಿಕ್ಕೋ ಜಾಗನೇ ಬೇರೆ, ಒಡೆದ ಹೆಂಚೇ ಬೇರೆ ಕಣಮ್ಮ. ಮೊದ್ಲು ಚೆನ್ನಾಗಿ ತೊಳೆಯೋಣ, ಆಮೇಲೆ ಮಾತಾಡೋಣ” ಎಂದರು. ಕೀ ತಿರುಗಿಸಿ, ಸ್ಟಾರ್ಟ್ ಮಾಡದೆ, ಮೀಟರಿನ ದೀಪಗಳನ್ನು ನೋಡಿದರು. ಎಣ್ಣೆಡಬ್ಬಿಯ ಚಿತ್ರವಿರುವ ಕೆಂಪು ದೀಪ ಹತ್ತಲಿಲ್ಲ. “ಈ ದೀಪ ಹೋಗಿದೆಯೋ, ಇಲ್ಲಾ ಸ್ವಿಚ್ಚೋ, ಅದನ್ನೂ ನೋಡ್ಬೇಕು” ಎಂದು ಹೇಳಿ ಬದಿಗಿಟ್ಟರು. ಎರಡು ದೊಡ್ಡ ಗ್ಯಾರೇಜುಗಳಲ್ಲಿ ಯಾರೂ ಇದನ್ನು ಗಮನಿಸಿರಲಿಲ್ಲ.

ಆಮೇಲೆ ಅವರು ನೋಡಿದ್ದು ಇಂಜಿನ್ ಉಸಿರಾಡುವ ದಾರಿಯನ್ನು. ಇಂಜಿನ್‌ನ ಒಳಗೆ ಸೇರುವ ಅನಿಲವನ್ನು ಹೊರಬಿಡುವ ಪಿಸಿವಿ ವಾಲ್ವ್ ಎಂಬ ಸಣ್ಣ ಕವಾಟ ಮಸಿಯಿಂದ ಕಟ್ಟಿಕೊಂಡರೆ ಇಂಜಿನ್‌ನ ಹೊಟ್ಟೆಯಲ್ಲಿ ಒತ್ತಡ ಏರಿ, ಇದ್ದಬದ್ದ ಸೀಲುಗಳನ್ನೆಲ್ಲ ತಳ್ಳಿಕೊಂಡು ಎಣ್ಣೆ ಹೊರಬರುತ್ತದೆ. ಅದನ್ನು ಬಿಟ್ಟು ಬರಿಯ ಸೀಲ್ ಬದಲಾಯಿಸಿದರೆ ಹೊಸ ಸೀಲೂ ಸೋರುತ್ತದೆ. ವಾಲ್ವನ್ನು ಕಿತ್ತು ಕಿವಿಯ ಹತ್ತಿರ ಅಲುಗಾಡಿಸಿದಾಗ ಒಳಗಿನ ಗುಂಡು ಟಕಟಕ ಸದ್ದು ಮಾಡಿತು. ಇಂಜಿನ್ ಓಡುತ್ತಿರುವಾಗ ಎಣ್ಣೆ ಹಾಕುವ ಬಾಯಿಯ ಮೇಲೆ ಅಂಗೈ ಇಟ್ಟರೆ ಹೊರಕ್ಕೆ ಗಾಳಿ ನುಗ್ಗುತ್ತಿರಲಿಲ್ಲ. ಅಲ್ಲಿ ದೋಷವಿಲ್ಲ ಎಂದಾಯಿತು.

ತೊಳೆಯುವ ಕೆಲಸಕ್ಕೆ ಅರ್ಧ ದಿನ ಹಿಡಿಯಿತು. ತಣ್ಣಗಾದ ಇಂಜಿನ್‌ಗೆ ಜಿಡ್ಡು ಕರಗಿಸುವ ದ್ರವ ಹೊಡೆದು, ಬ್ರಷ್ಷಿನಿಂದ ಉಜ್ಜಿ, ವಿದ್ಯುತ್ ಭಾಗಗಳಿಗೆ ಪ್ಲಾಸ್ಟಿಕ್ ಕಟ್ಟಿ ಕಡಿಮೆ ಒತ್ತಡದ ನೀರಿನಲ್ಲಿ ತೊಳೆದು, ಗಾಳಿ ಹೊಡೆದು ಒಣಗಿಸಿದರು. ಕೆಲವು ಕಡೆ ಇದಕ್ಕೆ ಸೀಮೆಎಣ್ಣೆ ಅಥವಾ ಡೀಸೆಲ್ ಬಳಸುತ್ತಾರೆ. ಸೈಲೆನ್ಸರ್ ಬಿಸಿಯಿರುವಾಗ ಅದು ಬೆಂಕಿಗೆ ಆಹ್ವಾನ, ಜೊತೆಗೆ ರಬ್ಬರಿಗೂ ಹಾನಿ. ಇದಕ್ಕೆ ಆರುನೂರು ರೂಪಾಯಿ. ಒಣಗಿದ ಮೇಲೆ ಬ್ಲಾಕಿನ ಕೆಳಭಾಗಕ್ಕೆ, ತಳದ ಎಣ್ಣೆತೊಟ್ಟಿಯಾದ ಸಂಪ್ ಸುತ್ತ, ಗೇರ್‌ಬಾಕ್ಸಿನ ಸಂದಿಗೆ ಮೈಗೆ ಹಾಕುವ ಪೌಡರ್ ಉದುರಿಸಿದರು. ಸ್ವಲ್ಪ ದೂರ ಓಡಿಸಿ ಬಂದಾಗ ಸಂಪ್ ಸುತ್ತಲಿನ ಪೌಡರ್ ಬೆಳ್ಳಗೇ ಉಳಿದಿತ್ತು, ಸಂದಿಯ ಮೇಲ್ಭಾಗದಲ್ಲಿ ಮಾತ್ರ ಒಂದು ಕಪ್ಪು ಗೆರೆ ಮೇಲಿನಿಂದ ಇಳಿದಿತ್ತು. ಸೀಲೇ ಹೋಗಿದ್ದರೆ ಒದ್ದೆ ಕವಚದ ಒಳಗಿನಿಂದ, ಕೆಳಗಡೆ ಆರಂಭವಾಗಬೇಕಿತ್ತು. ಆ ಗೆರೆಯನ್ನು ಕಂಡಾಗ, ಬಹಳ ದಿನಗಳಿಂದ ನನ್ನನ್ನು ಹಿಡಿದಿದ್ದ ಭಾರ ಅರ್ಧ ಇಳಿಯಿತು.

ಆದರೆ ಗೆರೆಯ ಮೇಲಿನ ತುದಿ, ಇಂಜಿನ್‌ಗೆ ಗಾಳಿ ಒಯ್ಯುವ ಕೊಳವೆಗಳ ಗುಂಪಾದ ಇನ್‌ಟೇಕ್ ಮ್ಯಾನಿಫೋಲ್ಡಿನ ಹಿಂದೆ, ಕ್ಯಾಬಿನ್ನಿನ ಗೋಡೆಯ ಕಡೆ ಮರೆಯಾಗಿತ್ತು. ಅಲ್ಲಿಗೆ ಕಣ್ಣೂ ಹೋಗದು, ಕನ್ನಡಿಯೂ ಹೋಗದು. ಮೇಸ್ತ್ರಿಯ ಮಗ ಇಂಜಿನ್ ಆಯಿಲ್‌ಗೆ ಬೆರೆಸುವ, ನೇರಳಾತೀತ ಬೆಳಕು ಬಿದ್ದಾಗ ಹೊಳೆಯುವ ಯುವಿ ಡೈ ತರಿಸಲು ಹೇಳಿದರು. ಊರಿನ ಅಂಗಡಿಗಳಲ್ಲಿ ಸಿಗದೆ ಆನ್‌ಲೈನಿನಲ್ಲಿ ತರಿಸಿದೆ: ಡೈಗೆ ಆರುನೂರ ಐವತ್ತು, ನೇರಳೆ ಬೆಳಕಿನ ಟಾರ್ಚಿಗೆ ಮುನ್ನೂರ ಐವತ್ತು, ಫೋನಿಗೆ ಜೋಡಿಸುವ ತೆಳು ತಂತಿಯ ಕ್ಯಾಮೆರಾಗೆ ಸಾವಿರದ ನೂರು. ಬಾಟಲಿಯ ಮೇಲೆ ಹೇಳಿದ ಅಳತೆಯಷ್ಟನ್ನೇ ಎಣ್ಣೆಗೆ ಹಾಕಿ, ಬೇಲೂರಿನ ಕಡೆ ಹೋಗಿ ಬಂದು, ಕತ್ತಲಾದ ಮೇಲೆ ಗುಂಡಿಗೆ ಇಳಿದು ಟಾರ್ಚ್ ಹಿಡಿದೆವು. ಹಳದಿಹಸಿರು ಬೆಳಕಿನ ಒಂದು ಎಳೆ ಬ್ಲಾಕಿನ ಹಿಂಬದಿಯಲ್ಲಿ ಸ್ಪಷ್ಟವಾಗಿ ಹೊಳೆಯುತ್ತಿತ್ತು. ಡೈ ಹಾಕಿದ್ದು ಇಂಜಿನ್ ಆಯಿಲ್‌ಗೆ ಮಾತ್ರ, ಆದ್ದರಿಂದ ಹೊಳೆಯುವುದು ಗೇರ್ ಆಯಿಲ್ ಅಲ್ಲ ಎಂಬುದಕ್ಕೂ ಅದೇ ಸಾಕ್ಷಿಯಾಯಿತು. ಹೊಸದಾಗಿ ಹಾಕಿಸಿದ್ದ ಟ್ಯಾಪೆಟ್ ಕವರಿನ ಪ್ಯಾಕಿಂಗ್ ಸುತ್ತ ಒಂದು ಚುಕ್ಕೆಯೂ ಹೊಳೆಯಲಿಲ್ಲ. ಕ್ಯಾಮೆರಾದ ತಂತಿಯನ್ನು ಆ ಎಳೆಯ ಗುಂಟ ಮೇಲಕ್ಕೆ ಒಯ್ದಾಗ ಅದು ಹೋಗಿ ನಿಂತದ್ದು ಹೆಬ್ಬೆರಳಿನಷ್ಟು ಗಾತ್ರದ ಒಂದು ಭಾಗದ ಬಳಿ. ಅದು ಆಯಿಲ್ ಪ್ರೆಷರ್ ಸ್ವಿಚ್.

ಅಲ್ಲಿಗೆ ಎಲ್ಲ ಸುಳಿವುಗಳೂ ಒಂದಕ್ಕೊಂದು ಕೂಡಿಕೊಂಡವು. ಈ ಸ್ವಿಚ್ಚಿನ ಒಳಗೆ ತೆಳುವಾದ ಪೊರೆಯೊಂದಿರುತ್ತದೆ. ಇಂಜಿನ್ ನಿಂತಾಗ ಒತ್ತಡವಿಲ್ಲದೆ ಸ್ವಿಚ್ ಮುಚ್ಚಿಕೊಂಡು ಕೆಂಪು ದೀಪವನ್ನು ಬೆಳಗಿಸುತ್ತದೆ. ಓಡಿದಾಗ ಎಣ್ಣೆಯ ಒತ್ತಡ ಪೊರೆಯನ್ನು ತಳ್ಳಿ ದೀಪವನ್ನು ಆರಿಸುತ್ತದೆ. ಪೊರೆ ಹರಿದರೆ ಎಣ್ಣೆ ಸ್ವಿಚ್ಚಿನ ಒಳಕ್ಕೆ ನುಗ್ಗಿ ವೈರಿನ ಪ್ಲಗ್ ಇರುವ ಕಡೆಯಿಂದ ಹೊರಬರುತ್ತದೆ. ಒತ್ತಡ ಇರುವುದು ಇಂಜಿನ್ ಓಡುವಾಗ ಮಾತ್ರ, ಆದ್ದರಿಂದಲೇ ಅಂಗಳದಲ್ಲಿ ಹನಿ ಕಡಿಮೆ, ದೂರದ ಓಟದಲ್ಲಿ ನಷ್ಟ ಹೆಚ್ಚು. ಪ್ಲಗ್ ಬಿಚ್ಚಿದಾಗ ಒಳಗೆಲ್ಲ ಎಣ್ಣೆ ತುಂಬಿತ್ತು. ಕೀ ತಿರುಗಿಸಿದಾಗ ದೀಪ ಹತ್ತದಿದ್ದದ್ದೂ ಇದರಿಂದಲೇ. ಇದು ಬರಿಯ ಸೋರಿಕೆಯ ಮಾತಲ್ಲ ಎಂಬುದನ್ನು ಒತ್ತಿ ಹೇಳಬೇಕು. ಎಣ್ಣೆ ನಿಜವಾಗಿ ಖಾಲಿಯಾಗಿದ್ದರೆ ನಮ್ಮನ್ನು ಎಚ್ಚರಿಸಬೇಕಾದ ಏಕೈಕ ದೀಪವೇ ಸತ್ತಿತ್ತು. ಘಾಟಿಯಲ್ಲಿ ಒತ್ತಡ ಕುಸಿಯುವಷ್ಟು ಎಣ್ಣೆ ಇಳಿದಿದ್ದರೂ ಗೊತ್ತಾಗುತ್ತಿರಲಿಲ್ಲ, ಇಂಜಿನ್ ಹಿಡಿದುಕೊಂಡು ನಿಂತ ಮೇಲೆಯೇ ತಿಳಿಯುತ್ತಿತ್ತು. ದಯವಿಟ್ಟು ಪ್ರತಿದಿನ ಸ್ಟಾರ್ಟ್ ಮಾಡುವ ಮುನ್ನ ಆ ದೀಪ ಹತ್ತಿ, ಸ್ಟಾರ್ಟ್ ಆದ ಒಂದೆರಡು ಸೆಕೆಂಡಿನಲ್ಲಿ ಆರುತ್ತದೆಯೇ ಎಂದು ನೋಡಿ.

ಸ್ವಿಚ್ ಸಿಗುವುದಕ್ಕೂ ಕಾಯಬೇಕಾಯಿತು. ಹಾಸನದ ಅಂಗಡಿಗಳಲ್ಲಿ ಸಿಕ್ಕಿದ್ದು ಹೆಸರಿಲ್ಲದ ಕಂಪನಿಯದು, ನೂರಿಪ್ಪತ್ತು ರೂಪಾಯಿ. ಮೇಸ್ತ್ರಿ ಅದನ್ನು ಹಾಕಲು ಒಪ್ಪಲಿಲ್ಲ. ಹಳೆಯ ಸ್ವಿಚ್ಚಿನ ಮೇಲಿನ ಸಂಖ್ಯೆಯ ಫೋಟೊ ತೆಗೆದು ವಾಹನ ಬಿಡಿಭಾಗಗಳ ಅಂಗಡಿಗಳಿರುವ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಪರಿಚಯದವರಿಂದ ವಿಚಾರಿಸಿದಾಗ ಮೂಲ ತಯಾರಕರದೇ ನಾನೂರ ಎಂಬತ್ತಕ್ಕೆ ಸಿಕ್ಕಿ, ಬಸ್ಸಿನ ಪಾರ್ಸೆಲ್‌ನಲ್ಲಿ ಬಂತು. ಭಾಗದ ಸಂಖ್ಯೆ ಇಲ್ಲದೆ ಬರಿಯ ಗಾಡಿಯ ಹೆಸರು ಹೇಳಿ ತರಿಸಬೇಡಿ, ಒಂದೇ ಹೆಸರಿನ ಗಾಡಿಯಲ್ಲಿ ಇಂಜಿನ್ ಬೇರೆಯಾದರೆ ಸ್ವಿಚ್ಚಿನ ತಿರುಪು ಮತ್ತು ಪ್ಲಗ್ ಬೇರೆಯಾಗುತ್ತವೆ. ಕೂರಿಸುವಾಗ ಮೇಸ್ತ್ರಿ ತಿರುಪಿಗೆ ಟೆಫ್ಲಾನ್ ಟೇಪ್ ಸುತ್ತಲಿಲ್ಲ. ಈ ಬಗೆಯ ಸ್ವಿಚ್ಚಿಗೆ ಅರ್ತ್ (ವಿದ್ಯುತ್ ಮರಳುವ ದಾರಿ) ಸಿಗುವುದು ಅದರ ಮೈಯಿಂದ ಬ್ಲಾಕಿಗೆ; ಟೇಪ್ ಅದನ್ನು ತಡೆಯಬಹುದು, ಅದರ ಚೂರು ಎಣ್ಣೆಯ ದಾರಿಗೂ ಸೇರಬಹುದು. ತಿರುಪಿನ ತುದಿಯನ್ನು ಬಿಟ್ಟು ಸ್ವಲ್ಪವೇ ದ್ರವ ಸೀಲಂಟ್ ಹಚ್ಚಿ, ಅಳತೆ ಮೀರದಂತೆ ಬಿಗಿ ಮಾಡಿದರು. ವೈರಿನ ಪ್ಲಗ್ಗನ್ನು ಕ್ಲೀನರ್‌ನಿಂದ ತೊಳೆದು ಜೋಡಿಸಿ ಕೀ ತಿರುಗಿಸಿದಾಗ ಕೆಂಪು ದೀಪ ಹತ್ತಿತು. ಸ್ಟಾರ್ಟ್ ಆದ ಕೂಡಲೇ ಆರಿತು. ಅದನ್ನು ನೋಡಿ ನನಗಾದ ಸಂತೋಷ ದೊಡ್ಡದು. ಕೂಲಿಗೆ ಅವರು ಕೇಳಿದ್ದು ಮುನ್ನೂರು ರೂಪಾಯಿ. ಹುಡುಕುವುದಕ್ಕೆ ಕೊಟ್ಟ ಸಮಯಕ್ಕೂ ಸೇರಿಸಿ ಒತ್ತಾಯದಿಂದ ಸಾವಿರದ ಐನೂರು ಕೊಟ್ಟೆ. ಗ್ಯಾರೇಜುಗಳಲ್ಲಿ ಭಾಗ ಬದಲಿಸಿದ್ದಕ್ಕೆ ದುಡ್ಡು ಕೊಡುತ್ತೇವೆ, ದೋಷ ಪತ್ತೆ ಮಾಡಿದ್ದಕ್ಕೆ ಕೊಡುವುದಿಲ್ಲ. ಪತ್ತೆಯ ಕೆಲಸಕ್ಕೆ ಪ್ರತ್ಯೇಕವಾಗಿ ಕೊಡುತ್ತೇನೆ ಎಂದು ಮೊದಲೇ ಹೇಳಿದರೆ ಮೆಕ್ಯಾನಿಕ್‌ಗಳೂ ಅವಸರಪಡುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಸರಿಪಡಿಸಿದ ಮೇಲೂ ಕೆಲವು ದಿನ ರಟ್ಟಿನ ಮೇಲೆ ಹನಿ ಬೀಳುತ್ತಿತ್ತು. ಕವಚದ ಸಂದುಗೊಂದುಗಳಲ್ಲಿ ಕೂತ ಹಳೆಯ ಎಣ್ಣೆ ಇಂಜಿನ್ ಬಿಸಿಯಾದಾಗ ಕರಗಿ ಇಳಿಯುತ್ತದೆ ಎಂದು ಮೇಸ್ತ್ರಿ ಮೊದಲೇ ಹೇಳಿದ್ದರಿಂದ ಗಾಬರಿಯಾಗಲಿಲ್ಲ. ಇನ್ನೊಮ್ಮೆ ತೊಳೆಸಿ, ಡೈ ಇದ್ದ ಎಣ್ಣೆಯನ್ನು ಫಿಲ್ಟರ್ ಸಮೇತ ಬದಲಾಯಿಸಿ, ಮಂಗಳೂರಿಗೆ ಹೋಗಿ ಬಂದೆ. ಡಿಪ್‌ಸ್ಟಿಕ್ ಕದಲಲಿಲ್ಲ. ತೆಗೆದ ಎಣ್ಣೆಯನ್ನು ಚರಂಡಿಗೆ ಸುರಿಯದೆ, ಹಳೆಯ ಎಣ್ಣೆ ಕೊಳ್ಳುವವರಿಗೆ ಕೊಡುವ ಡ್ರಮ್ಮಿಗೇ ಮೇಸ್ತ್ರಿ ಹಾಕಿಸಿದರು.

ಜುಲೈ ಕೊನೆಯಲ್ಲಿ ಆರ್‌ಟಿಒ ಕಚೇರಿಯ ತಪಾಸಣೆ ಮುಗಿಯಿತು. ನಿರೀಕ್ಷಕರು ಚಾಸಿ ಸಂಖ್ಯೆ, ದೀಪಗಳು, ಟೈರುಗಳನ್ನು ನೋಡಿ, ಬಗ್ಗಿ ಗಾಡಿಯ ಅಡಿಯನ್ನೂ ಒಮ್ಮೆ ನೋಡಿದರು. ನವೀಕರಿಸಿದ ಆರ್‌ಸಿ ಈಗ ಕೈಸೇರಿದೆ. ಗಾಡಿಯಲ್ಲಿ ಉಳಿದಿರುವುದು ಎಡಗಡೆ ಆಕ್ಸಲ್ ಸೀಲಿನ ಸುತ್ತ ಒಂದಿಷ್ಟು ಪಸೆ. ಅದು ಗೇರ್ ಆಯಿಲ್. ಡೈ ಹೊಳೆಯದಿದ್ದದ್ದರಿಂದಲೂ ವಾಸನೆಯಿಂದಲೂ ಅದು ಖಚಿತ. ಹನಿಯಾಗಿ ಬೀಳುವಷ್ಟಿಲ್ಲದ ಕಾರಣ ಗೇರ್ ಆಯಿಲ್ ಬದಲಿಸುವ ಸರ್ವಿಸ್ಸಿನಲ್ಲೇ ಆ ಸೀಲನ್ನೂ ಹಾಕಿಸುವುದೆಂದು ಮೇಸ್ತ್ರಿಯ ಜೊತೆ ಮಾತಾಗಿದೆ. ಅಲ್ಲಿಯವರೆಗೆ ತಿಂಗಳಿಗೊಮ್ಮೆ ಗೇರ್‌ಬಾಕ್ಸಿನ ಮಟ್ಟವನ್ನು ಅವರೇ ನೋಡಿಕೊಡುತ್ತಾರೆ.